ಬೆನ್ನು ಕಾಟಯ್ಯ

ಬನ್ನಿ, ಈ ಕಲ್ಲುಕಟ್ಟೆ ಮೇಲೆ ಕೂತ್ಕೊಳ್ಳಿ. ಬೆನ್ನು ಕಂಬಿಯ ಕಡೆಗೆ, ಮುಖ ದಾರಿ ಕಡೆಗೆ. ಇಣುಕಿದ್ದು ಸಾಕು ಮಕ್ಕಳೇ, ಆ ಹುಲಿ ಗವಿಯೊಳಗೆ ಏನೂ ಕಾಣೋಲ್ಲ. ಬೆಳಗಿಂದ ಮೊಸಳೆ ನೋಡಿದ್ದಾಯ್ತು, ನವಿಲು ನೋಡಿದ್ದಾಯ್ತು, ಹಾವಿನ ಮನೆಯಲ್ಲಿ ಗಾಜಿಗೆ ಮೂಗು ಒತ್ತಿಕೊಂಡು ನಿಂತಿದ್ದೂ ಆಯ್ತು. ನನ್ನ ಮಂಡಿ ಎರಡೂ ನನ್ನ ಮಾತು ಕೇಳೋದು ಬಿಟ್ಟು ಎಷ್ಟೋ ಹೊತ್ತಾಯ್ತು. ವನಜಾ, ನೀನೂ ಬಾರಮ್ಮ. ಆ ಬುತ್ತಿ ಚೀಲ ಕೆಳಗಿಡು. ಮಕ್ಕಳಿಗೆ ಹುಲಿ ಫೋಟೋ ಆಗ್ಲೇಬೇಕಾ? ಸರಿ, ನಿಂತುಕೊಂಡೇ ಕೇಳು. ಅತ್ತೆ ಹೇಳೋ ಕಥೆಯನ್ನ ಸೊಸೆ ಕೂತು ಕೇಳಿದ್ದು ನಾನೂ ಎಲ್ಲೂ ನೋಡಿಲ್ಲ.

ಯಾವ ಕಾಲದ್ದು ಅಂತ ಮಾತ್ರ ಕೇಳಬೇಡಿ. ನಮ್ಮಜ್ಜಿಗೆ ಅವರಜ್ಜಿ ಹೇಳುವಾಗಲೇ ಇದು ಹಳೇ ಸಂಗತಿ. ಈ ಹರಳುಕೋಟೆ ಆಗ ಊರು ಅನ್ನೋಕೂ ಸಾಲದಷ್ಟು ಸಣ್ಣ ಊರು. ಸಣ್ಣ ಊರಿಗೆ ಒಬ್ಬ ಸಣ್ಣ ದೊರೆ. ಆ ದೊರೆಗೆ ಪ್ರಾಣಿಗಳನ್ನ ಕೂಡಿಹಾಕೋ ಹುಚ್ಚು ಇತ್ತಂತೆ. ಕೆರೆ ಏರಿ ಕೆಳಗೆ ಮೊಸಳೆ ಹೊಂಡ ಮಾಡಿಸಿದ. ತೋಪಿನಲ್ಲಿ ನವಿಲು ಬಿಟ್ಟ. ಜಿಂಕೆಗೆ ಬೇಲಿ ಹಾಕಿಸಿದ. ಎಲ್ಲಕ್ಕೂ ಕೊನೆಯಲ್ಲಿ, ಇದೋ ಈ ಬಂಡೆ ಬುಡದಲ್ಲಿ, ಒಂದು ಹೆಣ್ಣು ಹುಲಿ ತಂದು ಗವಿಗೆ ಬಿಟ್ಟು ಮುಂದೆ ಕಂಬಿ ನಿಲ್ಲಿಸಿದ.

ಸುಗ್ಗಿ ಮುಗಿದ ಮೇಲೆ ಸುತ್ತಲ ಊರಿನವರು ಗಾಡಿ ಕಟ್ಟಿಕೊಂಡು ನೋಡೋಕೆ ಬರೋರಂತೆ. ಮೊದಲು ಬೆಟ್ಟದ ಮೇಲಿನ ದೇವರು, ಆಮೇಲೆ ಮೊಸಳೆ, ಆಮೇಲೆ ನವಿಲು. ಹುಲಿ ಹತ್ತಿರ ಬರೋ ಹೊತ್ತಿಗೆ ನಡುನೆತ್ತಿ ಮೇಲೆ ಬಿಸಿಲು. ಮಕ್ಕಳು ರಚ್ಚೆ ಹಿಡಿದಿರೋವು, ಗಂಡಸರು ಯಾರ ಮೇಲೋ ರೇಗುತ್ತಿರೋರು, ಹೆಂಗಸರ ಸೊಂಟ ಬಿದ್ದುಹೋಗಿರೋದು. ಈಗ ನಾವು ಬಂದಿಲ್ವಾ, ಹಾಗೇ. ಗಾಡಿ ಹೋಗಿ ಟೆಂಪೋ ಬಂತು ಅನ್ನೋದು ಬಿಟ್ಟರೆ ಬೇರೇನೂ ಬದಲಾಗಿಲ್ಲ.

ಆ ಹುಲಿಯನ್ನ ನೋಡಿಕೊಳ್ಳೋಕೆ ಇದ್ದೋನೇ ಕಾಟಯ್ಯ. ವೀರ ಗೀರ ಏನಲ್ಲ. ಕಾಡಿಂದ ಸೌದೆ ಹೊತ್ತು ತರುತ್ತಿದ್ದವನನ್ನ ದೊರೆಯ ಕಡೆಯವರು ಹಿಡಿದು, ಕಾಡು ಕಂಡವನು ತಾನೇ, ಹುಲಿಯನ್ನೂ ಕಂಡಿರ್ತಾನೆ ಅಂತ ಈ ಕೆಲಸಕ್ಕೆ ಹಾಕಿದರಂತೆ. ಅವನು ಜನ್ಮದಲ್ಲಿ ಹುಲಿ ಕಂಡಿರಲಿಲ್ಲವಂತೆ. ಮೊದಲ ದಿನ ಹೆದರಿಕೆಗೆ ಬಾಯಿ ಕಟ್ಟಿ, ಏನಂತ ಕರೆಯಬೇಕೋ ತಿಳಿಯದೆ, ಅಕ್ಕಯ್ಯ ಅಂದುಬಿಟ್ಟನಂತೆ. ಅದೇ ಹೆಸರು ನಿಂತುಹೋಯಿತು.

ಅವನ ಕೈಗೊಂದು ಉದ್ದನೆ ಬಿದಿರು ಕೊಟ್ಟಿದ್ದರು. ಜನ ಬಂದಾಗ ಗವಿಯೊಳಗೆ ತೂರಿಸಿ ತಿವಿಯಬೇಕು, ಅಕ್ಕಯ್ಯ ಎದ್ದು ಬಂದು ಗರ್ಜಿಸಬೇಕು, ಜನ ಹೋ ಅನ್ನಬೇಕು. ಹರೆಯ ಇದ್ದಾಗ ಅವಳು ಬರುತ್ತಿದ್ದಳು. ವಯಸ್ಸಾಗುತ್ತಾ ಬಂದಂತೆ ಬರೋದು ಕಮ್ಮಿಯಾಯಿತು. ಇವನು ತಿವಿಯೋದು ಜಾಸ್ತಿಯಾಯಿತು. ಪಕ್ಕೆಯಲ್ಲಿ ಗಾಯ ಆಯಿತು. ಸಂಜೆ ಜನ ಹೋದ ಮೇಲೆ ಕಾಟಯ್ಯ ಅದೇ ಬಿದಿರಿನ ತುದಿಗೆ ಬಟ್ಟೆ ಸುತ್ತಿ, ಬೇವಿನೆಣ್ಣೆ ಅರಿಶಿನದಲ್ಲಿ ಅದ್ದಿ, ಅದೇ ಗಾಯಕ್ಕೆ ಹಚ್ಚುತ್ತಿದ್ದನಂತೆ. ಬೆಳಿಗ್ಗೆ ಎದ್ದು ಬಟ್ಟೆ ಬಿಚ್ಚಿ ಮತ್ತೆ ತಿವಿಯೋದು. ಎಂಥ ಬಾಳು ನೋಡಿ. ಅವಳಿಗೂ ಸಾಕಾಗಿತ್ತು, ಇವನಿಗೂ ಸಾಕಾಗಿತ್ತು. ಇಬ್ಬರಲ್ಲಿ ಯಾರೂ ಬಿಟ್ಟು ಹೋಗೋ ಹಾಗಿರಲಿಲ್ಲ.

ಒಂದು ವರ್ಷ ಅಕ್ಕಯ್ಯ ಬರೋದನ್ನೇ ನಿಲ್ಲಿಸಿಬಿಟ್ಟಳು. ಎಷ್ಟು ತಿವಿದರೂ ಗವಿಯ ಮೂಲೆ ಬಿಟ್ಟು ಕದಲಲಿಲ್ಲ. ಜನ ಕಲ್ಲು ಎಸೆದರು, ತಮಟೆ ಬಡಿದರು. ಇಷ್ಟು ದೂರ ಬಂದು ಬರೀ ಕತ್ತಲು ನೋಡಿ ಹೋಗೋದಾ ಅಂತ ಬೈದರು. ದೂರು ದೊರೆಯ ಪಾರುಪತ್ತೇಗಾರನ ಕಿವಿಗೆ ಬಿತ್ತು, ಅವನಿಂದ ದೊರೆಗೆ ಮುಟ್ಟಿತು. ಮುಂದಿನ ಹುಣ್ಣಿಮೆಗೆ ದೊರೆಯ ಬೀಗರು ಬರೋರಿದ್ದರು. ಬೀಗರ ಮುಂದೆ ಮರ್ಯಾದೆ ಹೋದರೆ ಹೇಗೆ? ಅವತ್ತು ಹುಲಿ ಹೊರಗೆ ಬರಬೇಕು, ಬರದಿದ್ದರೆ ಕೊಂದು ಚರ್ಮ ಸುಲಿಸಿ ಚಾವಡಿ ಗೋಡೆಗೆ ಹೊಡೆಸ್ತೀನಿ, ಬದುಕಿದ್ದಾಗ ಕಾಣದೇ ಹೋದದ್ದು ಸತ್ತ ಮೇಲಾದರೂ ಎಲ್ಲರಿಗೂ ಕಾಣಲಿ ಅಂದನಂತೆ ದೊರೆ. ಹಾಗಂತಾರೆ, ನಾನು ಕಂಡಿಲ್ಲ.

ಕಾಟಯ್ಯ ಆ ರಾತ್ರಿ ಉಣ್ಣಲಿಲ್ಲವಂತೆ. ಗವಿ ಮುಂದೆ ನಿಂತು ಬೇಡಿಕೊಂಡನಂತೆ, ಒಂದೇ ಒಂದು ಸಲ ಬಾ ಅಕ್ಕಯ್ಯ, ಆಮೇಲೆ ಯಾವತ್ತೂ ಕರೆಯೋಲ್ಲ ಅಂತ. ಒಳಗಿಂದ ಉಸಿರು ಬಿಟ್ಟ ಸದ್ದು ಬಂತೇ ಹೊರತು ಅವಳು ಬರಲಿಲ್ಲ.

ಬೀಗರು ಬರೋ ಹಿಂದಿನ ದಿನ, ಮಧ್ಯಾಹ್ನ, ಯಾವುದೋ ಊರಿಂದ ಒಂದು ಗಾಡಿ ಬಂತು. ಗಾಡಿ ತುಂಬ ಮನೆಮಂದಿ. ಜೊತೆಗೊಬ್ಬ ಮುದುಕಿ. ಎಲ್ಲರೂ ಕಂಬಿಗೆ ಮುತ್ತಿಕೊಂಡು ಹುಲಿ ತೋರಿಸು, ಹುಲಿ ತೋರಿಸು ಅಂತ ಕಾಟಯ್ಯನ ಪ್ರಾಣ ತಿಂದರು. ಅವನು ಬಿದಿರು ಎತ್ತಿದ. ಮುದುಕಿ ಮಾತ್ರ ಆ ಕಡೆ ತಿರುಗಿಯೂ ನೋಡಲಿಲ್ಲ. ನೆರಳು ಇದ್ದದ್ದು ಕಂಬಿಯ ಬುಡದಲ್ಲೇ. ಅಲ್ಲಿಗೆ ಬಂದು, ಕಂಬಿಗೆ ಬೆನ್ನು ಆನಿಸಿ, ಕಾಲು ನೀಡಿಕೊಂಡು ಕೂತುಬಿಟ್ಟಳು.

"ಅಜ್ಜಿ, ಹುಲಿ ನೋಡಾಕಿಲ್ವಾ?" ಅಂದನಂತೆ ಕಾಟಯ್ಯ.

"ನಂಗೇನೂ ನೋಡ್ಬೇಕಾಗಿಲ್ಲ ಕಣಪ್ಪ. ಬೆಳಗ್ಗಿಂದ ನೋಡಿ ನೋಡಿ ಕಣ್ಣು ಸತ್ತೋಗವೆ. ನಿನ್ ಮುಖ ನೋಡಿದ್ರೆ ನೀನೂ ಸತ್ತೋಗಿದ್ದೀಯ. ಆ ಕೋಲು ಬಿಸಾಕಿ ಕೂತ್ಕೋ ಬಾ."

ಅಷ್ಟೇ. ಅವನಿಗೆ ಅಷ್ಟು ದಿನದಲ್ಲಿ ಒಬ್ಬರೂ ಕೂತ್ಕೋ ಅಂದಿರಲಿಲ್ಲವಂತೆ. ಇದನ್ನ ಹೇಳುವಾಗ ನಮ್ಮಜ್ಜಿ ಪ್ರತಿ ಸಲ ಕಣ್ಣೊರೆಸಿಕೊಳ್ಳೋರು. ನನಗೂ ಒಂಥರಾ ಆಗುತ್ತೆ. ಕಾಟಯ್ಯ ಬಿದಿರು ಕೆಳಗಿಟ್ಟು ಮುದುಕಿ ಪಕ್ಕದಲ್ಲಿ ಕಂಬಿಗೆ ಒರಗಿ ಕೂತ. ಅವರಿಬ್ಬರನ್ನ ನೋಡಿ ಮಿಕ್ಕವರೂ ಒಬ್ಬೊಬ್ಬರಾಗಿ ಕೂತರು. ಮಕ್ಕಳು ತಾಯಂದಿರ ತೊಡೆ ಮೇಲೆ ಮಲಗಿದವು. ಕಾವಲು ಕಾಯಬೇಕಾದವನು ಕೂತಲ್ಲೇ ನಿದ್ದೆ ಹೋದ.

ಅದೇ ಹೊತ್ತಿಗೆ ಪಾರುಪತ್ತೇಗಾರ ನಾಳೆಗೆ ದಾರಿ ಗುಡಿಸಿದ್ದಾರಾ ನೋಡೋಣ ಅಂತ ಬರುತ್ತಿದ್ದನಂತೆ. ದೂರದಿಂದ ನೋಡುತ್ತಾನೆ, ಸಾಲಾಗಿ ಜನ ತೂಕಡಿಸುತ್ತಾ ಕೂತಿದ್ದಾರೆ. ಅವರ ಹಿಂದೆ, ಕಂಬಿಯ ಆ ಕಡೆ, ಕಾಟಯ್ಯನ ಬೆನ್ನಿಗೆ ತನ್ನ ಬೆನ್ನು ತಾಗಿಸಿಕೊಂಡು ಹುಲಿ ಮಲಗಿದೆ. ಅವನು ಕಿರುಚಿಕೊಂಡ. ಜನ ಎದ್ದು ತಿರುಗೋ ಹೊತ್ತಿಗೆ ಅಕ್ಕಯ್ಯ ಒಳಗೆ ಹೋಗಿ ಆಗಿತ್ತು. ಕಾಟಯ್ಯ ಬೆನ್ನು ಮುಟ್ಟಿ ನೋಡಿಕೊಂಡನಂತೆ. ಬೆಚ್ಚಗಿತ್ತು.

ಮಾರನೇ ದಿನ ಬೀಗರು ಬಂದರು. ಛತ್ರಿ, ಚಾಮರ, ವಾದ್ಯ, ಅವರ ಹಿಂದೆ ಊರಿಗೆ ಊರೇ. ದೊರೆಯೂ ಬಂದ. ಎಲ್ಲರೂ ಕಂಬಿಗೆ ಮುಖ ಮಾಡಿ ನಿಂತರು. ಗವಿ ಕತ್ತಲಾಗಿಯೇ ಇತ್ತು. ಬೀಗರಲ್ಲಿ ಯಾರೋ ಕಿಸಕ್ ಅಂತ ನಕ್ಕರು. ದೊರೆಯ ಮುಖ ಕೆಂಪಗಾಯಿತು. ತಿವಿ ಅಂದ. ಕಾಟಯ್ಯ ಬಿದಿರು ಎತ್ತಲಿಲ್ಲ. ಬಂದೂಕಿನವನನ್ನ ಕರೆಯಿರಿ ಅಂತ ದೊರೆ ಕೂಗಿದ. ಬಂದೂಕಿನವನು ಬಂದ.

ಆಗ ಕಾಟಯ್ಯ ದೊರೆಯ ಕಾಲಿಗೆ ಬೀಳಲಿಲ್ಲವಂತೆ. ಬೀಳೋಕೂ ಶಕ್ತಿ ಇರಲಿಲ್ಲ ಅಂತಾರೆ. ಬಿದಿರನ್ನ ಮಂಡಿಗೆ ಕೊಟ್ಟು ಲಟ್ಟನೆ ಮುರಿದು, ಬಂದೂಕಿಗೂ ಗವಿಗೂ ನಡುವೆ, ಕಂಬಿಗೆ ಬೆನ್ನು ಕೊಟ್ಟು ಕೂತ.

"ಬುದ್ಧಿ, ನನ್ ಕೈಲಿ ಇನ್ನು ಆಗಾಕಿಲ್ಲ. ಅವಳ್ ಕೈಲೂ ಆಗಾಕಿಲ್ಲ. ನಿಮ್ಗೂ ಸಾಕಾಗೈತೆ, ಮುಖದಾಗೇ ಕಾಣ್ತದೆ. ಒಂದ್ ಗಳಿಗೆ ಈ ಕಡೆ ತಿರುಕ್ಕಂಡು ಕೂತ್ಕಳಿ. ಆಮೇಲೆ ಹೊಡೀರಿ, ನಮ್ಮಿಬ್ರನ್ನೂವೆ."

ಹುಲಿಗೆ ಬೆನ್ನು ತೋರಿಸಿದ ದೊರೆ ಅನ್ನಿಸಿಕೊಳ್ಳೋದಾ? ಆದರೆ ನೋಡಿ, ಆ ದೊರೆ ಬೆಳಗಿನ ಜಾವದಿಂದ ಬೀಗರನ್ನ ಉಪಚರಿಸುತ್ತಿದ್ದ. ಬೆಟ್ಟ ಹತ್ತಿಸಿದ, ಇಳಿಸಿದ, ಮೊಸಳೆ ತೋರಿಸಿದ, ನಗು ಬಾರದ ಮಾತಿಗೂ ನಕ್ಕ. ಬೀಗರನ್ನ ಉಪಚರಿಸಿದವರಿಗೇ ಗೊತ್ತು ಆ ಸುಸ್ತು. ಆ ದೊಡ್ಡ ಪೇಟದ ಕೆಳಗೆ ಅವನ ತಲೆ ಸಿಡಿಯುತ್ತಿತ್ತಂತೆ. ಕಾಟಯ್ಯನನ್ನ ನೋಡಿದ, ಬಂದೂಕಿನವನನ್ನ ನೋಡಿದ. ಪೇಟ ತೆಗೆದು ಪಾರುಪತ್ತೇಗಾರನ ಕೈಗೆ ಕೊಟ್ಟ. ಬಂದು ಕಾಟಯ್ಯನ ಪಕ್ಕದಲ್ಲಿ ನೆಲದ ಮೇಲೆ ಕೂತ.

ದೊರೆ ಕೂತ ಮೇಲೆ ಬೀಗರು ನಿಲ್ಲೋ ಹಾಗಿಲ್ಲ, ಅವರೂ ಕೂತರು. ವಾದ್ಯದವರು ವಾದ್ಯ ಕೆಳಗಿಟ್ಟರು. ಬಂದೂಕಿನವನೂ ಬಂದೂಕು ಮಡಿಲಲ್ಲಿ ಇಟ್ಟುಕೊಂಡು ಕೂತ. ಎಲ್ಲರ ಬೆನ್ನೂ ಕಂಬಿಯ ಕಡೆಗೆ. ಸ್ವಲ್ಪ ಹೊತ್ತಿಗೆ ಕತ್ತಿನ ಹಿಂದೆ ಬಿಸಿ ಉಸಿರು ಬಂತಂತೆ, ಹಸಿ ಮಾಂಸದ ವಾಸನೆ ಬಂತಂತೆ. ಒಬ್ಬರೂ ತಿರುಗಲಿಲ್ಲ. ದೊರೆ ಗೊರಕೆ ಹೊಡೆದ ಅಂತ ಕೆಲವರು ಹೇಳ್ತಾರೆ, ಅತ್ತ ಅಂತ ಕೆಲವರು. ಎರಡೂ ಆಗಿರಬಹುದು. ಬಿಸಿಲು ಇಳಿದ ಮೇಲೆ ಎದ್ದು, ಧೂಳು ಕೊಡವಿಕೊಂಡು, "ನೋಡಿದ್ದಾಯ್ತು" ಅಂತ ಬೀಗರಿಗೆ ಹೇಳಿ, ಹಿಂದೆ ತಿರುಗದೆ ನಡೆದುಬಿಟ್ಟನಂತೆ. ಆಮೇಲೆ ಯಾರೂ ಚರ್ಮದ ಮಾತು ಎತ್ತಲಿಲ್ಲ. ಈ ಕಲ್ಲುಕಟ್ಟೆ ಕಟ್ಟಿಸಿದ್ದು ಅವನೇ.

ಕಾಟಯ್ಯ ಸಾಯೋವರೆಗೂ ಇಲ್ಲೇ ಕೂತಿದ್ದ. ಬಂದವರಿಗೆ ನೀರು ಕೊಟ್ಟು, ಕೂತ್ಕಳಿ ಅನ್ನೋದೊಂದೇ ಅವನ ಕೆಲಸ ಆಯಿತು. ಅವನಿಗೆ ಬೆನ್ನು ಕಾಟಯ್ಯ ಅಂತ ಹೆಸರು ಬಂತು. ಅಕ್ಕಯ್ಯ ಯಾವಾಗ ಹೋದಳೋ ಯಾರಿಗೂ ಗೊತ್ತಿಲ್ಲ, ಯಾಕಂದರೆ ಯಾರೂ ತಿರುಗಿ ನೋಡಿದವರಿಲ್ಲ. ಅವಳೇ ಮೊದಲು ಹೋದಳು, ಇವನು ಎಷ್ಟೋ ವರ್ಷ ಬರೀ ಗವಿಗೆ ಬೆನ್ನು ಕೊಟ್ಟು ಕೂತಿದ್ದ ಅಂತಾರೆ. ಒಂದು ಮಧ್ಯಾಹ್ನ ಕಟ್ಟೆ ಮೇಲಿನ ಜನ ಎಲ್ಲ ಎದ್ದರಂತೆ, ಇವನು ಏಳಲಿಲ್ಲವಂತೆ. ಎತ್ತಿಕೊಂಡಾಗ ಅವನ ಅಂಗಿಯ ಬೆನ್ನಿನ ತುಂಬ ಹಳದಿ ಕೂದಲು ಇತ್ತು ಅಂತಾರೆ. ನಾನು ಕಂಡಿಲ್ಲ. ನಂಬಿ ಅಂತಾನೂ ಹೇಳೋಲ್ಲ.

ಇವತ್ತಿಗೂ ಟೂರು ಹೊರಟವರು ಇದನ್ನ ಕೊನೆಗೇ ಇಟ್ಟುಕೊಳ್ಳುತ್ತಾರೆ. ಚಪ್ಪಲಿ ಬಿಟ್ಟು, ಮನೆಯಲ್ಲಿ ಯಾರು ಜಾಸ್ತಿ ದಣಿದಿದ್ದಾರೋ ಅವರನ್ನ ಕಂಬಿಗೆ ಹತ್ತಿರ ಕೂರಿಸುತ್ತಾರೆ. ಹಿರಿಯರನ್ನಲ್ಲ, ದಣಿದವರನ್ನ. ಅವರು ತಾವಾಗಿ ಏಳೋವರೆಗೆ ಯಾರೂ ಏಳೋ ಹಾಗಿಲ್ಲ, ತಿರುಗೋ ಹಾಗಿಲ್ಲ. ಊರಿಗೆ ಹೋದ ಮೇಲೆ ಹರಳುಕೋಟೆಯಲ್ಲಿ ಹುಲಿ ನೋಡಿದ್ರಾ ಅಂತ ಯಾರಾದರೂ ಕೇಳಿದರೆ, ಕೂತು ಬಂದ್ವಿ ಅಂತಾರೆ.

ಅದಕ್ಕೇ ಹೇಳಿದ್ದು ವನಜಾ. ನಾನು ಟೆಂಪೋದಲ್ಲಿ ನಿದ್ದೆ ಮಾಡಿದವಳು. ಕೋಳಿ ಕೂಗೋ ಮುಂಚೆ ಎದ್ದು ಇಷ್ಟು ಜನಕ್ಕೆ ಚಿತ್ರಾನ್ನ ಕಲಸಿ, ಚಪಾತಿ ಲಟ್ಟಿಸಿ, ಬೆಳಗಿಂದ ನಮ್ಮೆಲ್ಲರ ಚೀಲ ಹೊತ್ತು ತಿರುಗಿದವಳು ನೀನು. ಮದುವೆಯಾಗಿ ಬಂದಾಗಿಂದ ನಿನಗೆ ಕೂತ್ಕೋ ಅಂತ ಯಾರು ಹೇಳಿದ್ದಾರೆ? ನಾನಂತೂ ಹೇಳಿಲ್ಲ. ಈಗ ಹೇಳ್ತಿದೀನಿ. ಆ ಜಾಗ ನಿಂದು. ಬಾ ತಾಯಿ, ಕೂತ್ಕೋ.

ಹಾಂ. ಹಾಗೆ. ಇನ್ನೂ ಹಿಂದಕ್ಕೆ ಒರಗು.

ಶ್, ಮಕ್ಕಳೇ. ನಿಮ್ಮಮ್ಮನಿಗೆ ನಿದ್ದೆ ಹತ್ತಿತು. ಡ್ರೈವರ್ ಹಾರನ್ ಹೊಡೆದರೆ ಹೊಡೆದುಕೊಳ್ಳಲಿ. ಯಾರೂ ತಿರುಗಬೇಡಿ.