ಹತ್ತು ಹೆಜ್ಜೆಯ ಗೂಟ

ಮಕ್ಕಳೇ, ಹೊಳೆ ಕಡಲನ್ನು ಸೇರುವಲ್ಲಿ ಉದ್ದನೆಯ ಮರಳದಿಬ್ಬವೊಂದಿತ್ತು. ಅದರ ಆಚೆ ಅಬ್ಬರಿಸುವ ಕಡಲು, ಈಚೆ ತಣ್ಣಗಿನ ಹಿನ್ನೀರು. ಊರಿನ ಏಡಿಮರಿಗಳೆಲ್ಲ ಬೆಳೆಯುತ್ತಿದ್ದದ್ದು ಆ ಹಿನ್ನೀರಿನಲ್ಲೇ. ಯಾರೂ ಕಟ್ಟದೆ ತಾನಾಗಿ ಆದ ಬಂದರು ಅದು.

ದಿಬ್ಬ ಕಾಯುವ ಹೊಣೆ ಏಡಿ ಪಟೇಲರದು. ಕಡಲ ನೀರಿನಿಂದ ಹತ್ತು ಹೆಜ್ಜೆ ದೂರದಲ್ಲಿ ಒಂದು ಗೂಟ ನೆಟ್ಟಿತ್ತು. ಮಳೆಗಾಲ ಮುಗಿದ ಮೇಲೆ ಪಟೇಲರು ಅಳೆದು ನೋಡಬೇಕು. ಕಡಲು ಹತ್ತಿರ ಬಂದಿದ್ದರೆ ಊರನ್ನು ಎಚ್ಚರಿಸಬೇಕು. ಇಷ್ಟೇ ಕೆಲಸ.

ಒಂದು ವರ್ಷ ಅಳೆದರೆ ಆರೇ ಹೆಜ್ಜೆ! ಪಟೇಲರು ಸುತ್ತಮುತ್ತ ನೋಡಿದರು. ಹೇಳಿದರೆ ಊರವರು "ಇಷ್ಟು ದಿನ ಏನು ಮಾಡುತ್ತಿದ್ದಿರಿ?" ಎಂದು ಕೇಳುವುದಿಲ್ಲವೇ? ಯಾರೂ ನೋಡದಾಗ ಗೂಟ ಕಿತ್ತು ನಾಲ್ಕು ಹೆಜ್ಜೆ ಹಿಂದಕ್ಕೆ ನೆಟ್ಟರು.

"ಹತ್ತು ಹೆಜ್ಜೆ! ಒಂದಿಷ್ಟೂ ಬದಲಾಗಿಲ್ಲ!" ಎಂದು ಸಾರಿದರು. ಏಡಿಗಳು ಇಕ್ಕಳಗೈ ಎತ್ತಿ ಜೈಕಾರ ಹಾಕಿದವು.

ಆಮೇಲೆ ಪ್ರತಿವರ್ಷವೂ ಇದೇ ಆಟ. ಗೂಟ ಹೊರುವಾಗ ಕಾಲಿಗೆ ತೊಡರುತ್ತದೆಂದು ಪಟೇಲರು ದಿಬ್ಬದ ಬಳ್ಳಿಯನ್ನೂ ಕತ್ತರಿಸಿ ಹಾಕಿದರು. ಮರಳನ್ನು ಹಿಡಿದಿಟ್ಟಿದ್ದದ್ದೇ ಆ ಬಳ್ಳಿ. ಅದು ಹೋದ ಮೇಲೆ ಗೂಟವನ್ನು ಇನ್ನೂ ದೂರ ಹೊರಬೇಕಾಯಿತು, ಪಾಪ!

ಒಂದು ಚಳಿಗಾಲ ಮೊಟ್ಟೆಯಿಡಲು ಬಂದ ಆಮೆಯಜ್ಜಿ ದಿಬ್ಬ ಕಂಡು ಬೆಚ್ಚಿದಳು.

"ಪಟೇಲರೇ, ಆ ಕೇದಗೆ ಪೊದೆ ಗೂಟದ ಹಿಂದಿತ್ತಲ್ಲ? ಈಗ ಅಲೆಯಲ್ಲಿ ನೆನೆಯುತ್ತಿದೆ!"

"ಪೊದೆಗೆ ಸೆಕೆ ಅಜ್ಜಿ, ನೀರಿಗೆ ಇಳಿದಿದೆ. ನೀವು ಗೂಟ ನೋಡಿ. ಹತ್ತೇ ಹೆಜ್ಜೆ."

"ಹಾಳಾಗಲಿ ನಿಮ್ಮ ಗೂಟ! ಬೆನ್ನ ಹಿಂದೆ ನೋಡಿ, ಅದು ಸರಿದು ಸರಿದು ಹಿನ್ನೀರಿನ ಅಂಚಿಗೇ ಬಂದುಬಿಟ್ಟಿದೆ. ಮರಿಗಳನ್ನು ಹೊಳೆಯ ಮೇಲಕ್ಕೆ ಸಾಗಿಸಿ, ಮತ್ತೆ ಬಳ್ಳಿ ಹಬ್ಬಿಸಿ."

"ವರ್ಷಕ್ಕೊಮ್ಮೆ ಬಂದು ಹೋಗುವವರಿಗೆ ನಮ್ಮೂರಿನ ಉಸಾಬರಿ ಯಾಕಂತೆ?" ಎಂದರು ಪಟೇಲರು. ಏಡಿಗಳು ಹೊಟ್ಟೆ ಹಿಡಿದುಕೊಂಡು ನಕ್ಕವು.

ಒಂದು ತಾಯಿ ಏಡಿ ಮಾತ್ರ ನಗಲಿಲ್ಲ. ಕೇದಗೆ ಪೊದೆಯನ್ನು ನೋಡಿತು, ಗೂಟವನ್ನು ನೋಡಿತು, ಮರಿಗಳನ್ನು ಕರೆದುಕೊಂಡು ಹೊಳೆಯ ಮೇಲಕ್ಕೆ ಹೊರಟಿತು. ಆಮೆಯಜ್ಜಿ ಬೇರೆ ದಂಡೆ ಹುಡುಕಿಕೊಂಡು ಹೋದಳು.

ಮುಂದಿನ ಮಳೆಗಾಲದ ಒಂದು ಮಧ್ಯಾಹ್ನ ಕಡಲು ದಿಬ್ಬವನ್ನು ಸೀಳಿ ಹಿನ್ನೀರಿಗೆ ನುಗ್ಗಿತು. ಅಲ್ಲಿದ್ದ ಮರಿಗಳೆಲ್ಲ ಕೊಚ್ಚಿಹೋದವು. ತಾಯಂದಿರ ಗೋಳು ಕೇಳುವಂತಿರಲಿಲ್ಲ.

ಪಟೇಲರು ತೇಲುವ ಗೂಟವನ್ನು ತಬ್ಬಿಕೊಂಡಿದ್ದರು. "ಗಾಬರಿ ಬೇಡ! ಗೂಟ ಭದ್ರವಾಗಿದೆ!"

"ಈಗ ಎಷ್ಟು ಹೆಜ್ಜೆ ಪಟೇಲರೇ?" ಬಂಡೆ ಹಿಡಿದು ಉಳಿದ ಏಡಿಯೊಂದು ಅಳುತ್ತಲೇ ಕೂಗಿತು.

ಪಟೇಲರು ಕೆಳಗೆ ನೋಡಿದರು. ಹೆಜ್ಜೆಯಿಡಲು ನೆಲವೇ ಇರಲಿಲ್ಲ.

ನೀತಿ: ಅಪಾಯ ಮುಚ್ಚಿಡಲು ಅಳತೆಯನ್ನೇ ಬದಲಿಸುವವನ ಕೈಗೆ ಊರು ಕೊಡಬಾರದು, ಕೊಟ್ಟ ಮೇಲೆ ಜೈಕಾರವನ್ನಂತೂ ಹಾಕಲೇಬಾರದು.