ಪುಟ್ ಅಪ್ ವಿತ್ ಕಾಶವ್ವ

ಆ ಪುರಸಭೆಯ ಸಾಹೇಬರಿಗೆ ಇಂಗ್ಲಿಷಿನ ಗೀಳು. ಮನೆಗೆ ನಲ್ಲಿ ಬೇಕೆಂದು ಮುದುಕಿ ಕಾಶವ್ವ ಕೊಟ್ಟಿದ್ದ ಅರ್ಜಿ ಎದುರಿಗೆ ಬಂದಾಗಲೆಲ್ಲ ಅದರ ಮೇಲೆ 'ಪುಟ್ ಅಪ್', ಅಂದರೆ ಮಂಡಿಸಿ, ಎಂದು ಗೀಚಿ ಹಿಂದಕ್ಕೆ ತಳ್ಳುತ್ತಿದ್ದರು. ಮಂಡಿಸಿದ್ದನ್ನೇ ಮತ್ತೆ ಮಂಡಿಸಬೇಕು! ಹೀಗೇ ನಾಲ್ಕು ತಿಂಗಳು ಕಳೆಯಿತು. ಸೊಂಟ ಬಿದ್ದ ಆಕೆ ಓಣಿಯ ಆಚೆ ತುದಿಯಿಂದ ನೀರು ಹೊರುವುದನ್ನು ಕಂಡಾಗಲೆಲ್ಲ ಗುಮಾಸ್ತೆ ಮಹಾನಂದಾಳ ಮೈಯೆಲ್ಲ ಉರಿಯುತ್ತಿತ್ತು.

ಐದನೆಯ ಸಲ ಸಾಹೇಬರು, ಅರ್ಜಿದಾರಳ ಸಮೇತ ಮಂಡಿಸು ಎನ್ನಲು ಹೋಗಿ, 'ಪುಟ್ ಅಪ್ ವಿತ್ ಕಾಶವ್ವ' ಎಂದು ಬರೆದರು. ಮಹಾನಂದಾ ಅರ್ಥ ಕೇಳಿದಳು.

"ಇಷ್ಟೂ ಇಂಗ್ಲಿಷ್ ಬರೂದಿಲ್ಲೇನು? ಹೋಗು, ಡಿಕ್ಷನರಿ ನೋಡು!" ಎಂದು ಎಲ್ಲರೆದುರು ಗದರಿದರು.

ಅವಳು ನೋಡಿದಳು. ಮರುದಿನ ಬೆಳಿಗ್ಗೆ ಕಾಶವ್ವನನ್ನು ಕರೆತಂದು ಸಾಹೇಬರ ಕೋಣೆಯಲ್ಲೇ ಕುರ್ಚಿ ಹಾಕಿ ಕೂರಿಸಿದಳು.

"ಏನಿದು? ಈಕಿನ್ನ ಹೊರಗ ಕಳಸು!"

"ತಮ್ಮದ ಆರ್ಡರ್ ಐತ್ರಿ, ಸಾಹೇಬರ. 'ಪುಟ್ ಅಪ್' ಅಂದ್ರ ಮಂಡಿಸೂದು. ಅದರ ಬೆನ್ನಿಗೆ 'ವಿತ್' ಹತ್ತಿತಂದ್ರ ಅರ್ಥಾನ ಬ್ಯಾರೆ, ಸಹಿಸ್ಕೊಳ್ಳೂದು ಅಂತ. ಕಾಶವ್ವನ್ನ ಸಹಿಸ್ಕೋಬೇಕು ಅಂತ ನೀವ ಬರದೀರಿ." ಮಹಾನಂದಾ ಡಿಕ್ಷನರಿಯನ್ನು ಮೇಜಿನ ಮೇಲೆ ತೆರೆದಿಟ್ಟಳು. "ನಾಲ್ಕು ತಿಂಗಳು ಆಕಿ ನಿಮ್ಮನ್ನ ಸಹಿಸ್ಕೊಂಡಾಳ. ಈಗ ನಿಮ್ಮ ಪಾಳಿ."

ಪುಟ ನೋಡಿದ ಸಾಹೇಬರ ಮುಖ ಕೆಂಪಾಯಿತು. ಬಾಗಿಲಲ್ಲಿ ಜನ ನೆರೆದು ಕಿಸಿಕಿಸಿ ನಗುತ್ತಿದ್ದರು. ಕಾಶವ್ವ ಎಲೆಯಡಿಕೆಯ ಸಂಚಿ ಬಿಚ್ಚಿ, "ಅವಸರ ಇಲ್ಲೋ ಯಪ್ಪಾ, ಸಂಜೀತನಕ ಕುಂದರ್ತೀನಿ" ಎಂದಳು.

ಸಾಹೇಬರು ಪೆನ್ನು ಎತ್ತಿಕೊಂಡು, ಅಚ್ಚ ಕನ್ನಡದಲ್ಲಿ, "ಇಂದೇ ನಲ್ಲಿ ಹಾಕಿಸಿಕೊಡಿ" ಎಂದು ಬರೆದರು.