ತಾಯಿ ಹೇಳಿಕೊಡದೆ ಬಿಟ್ಟದ್ದು

ಶಿಷ್ಯನೊಬ್ಬ ಗುರುವನ್ನು ಕೇಳಿದ: "ಗುರುಗಳೇ, ಬುದ್ಧಿ ಬೆಳೆಯದ ಮಗಳ ತಾಯಿಯೊಬ್ಬಳು ಬಂದಿದ್ದಳು. ವಯಸ್ಸಿಗೆ ಬಂದ ಆ ಹೆಣ್ಣಿಗೆ ಮೈಯ ವಿಷಯ, ಗಂಡು ಹೆಣ್ಣಿನ ವಿಷಯ ಬಿಡಿಸಿ ಹೇಳಬೇಕೇ ಎಂದಳು. ಏನೂ ತಿಳಿಯದಿರುವುದೇ ಕ್ಷೇಮ ಎಂದು ಹೇಳಿ ಕಳಿಸಿದೆ. ಸರಿಯಾಯಿತೇ?"

ಗುರು ಹೇಳಿದ:

ನೇಯುವ ಹೆಂಗಸೊಬ್ಬಳಿದ್ದಳು. ಅವಳಿಗೆ ಒಬ್ಬಳೇ ಮಗಳು. ಮದುವೆಯ ವಯಸ್ಸು ದಾಟಿದ್ದರೂ ಬುದ್ಧಿ ಎಳೆಯದು. ಏನನ್ನೇ ಆಗಲಿ ತಡವಾಗಿ ಕಲಿಯುತ್ತಿದ್ದಳು. ಕಲಿತಳೆಂದರೆ ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ತಾಯಿ ಪಾಪ, ಎಣ್ಣೆನೀರು ಹಾಕುವಾಗಲೆಲ್ಲ ಹೇಳಿಕೊಡುವಳು: ಇದು ತಲೆ, ಇದು ಭುಜ, ಇದು ಹೊಟ್ಟೆ. ಹೊಟ್ಟೆಯ ಕೆಳಗೆ ಬಂದರೆ ಅವಳ ಬಾಯಿ ಮುಚ್ಚುತ್ತಿತ್ತು. ಮೊಣಕಾಲಿಗೆ ಬಂದ ಮೇಲೆಯೇ ತೆರೆಯುತ್ತಿತ್ತು. ದೊಡ್ಡವರು ಹೇಳಿದ್ದು ಕೇಳಬೇಕು ಎಂದೂ ಕಲಿಸಿದ್ದಳು. ತಾನು ಹೋದ ಮೇಲೆ ನಾಲ್ಕು ಜನ ಇವಳಿಗೆ ಒಂದು ತುತ್ತು ಹಾಕಲಿ ಎಂಬುದೊಂದೇ ಅವಳ ಆಸೆ.

ಆ ಮನೆಗೆ ನೂಲು ತಂದುಕೊಡುವವನೊಬ್ಬನಿದ್ದ. ಮಗಳು ಅವನನ್ನು ಮಾವ ಎನ್ನುತ್ತಿದ್ದಳು.

ಒಂದು ದಿನ ತಾಯಿ ಬೀದಿಯುದ್ದಕ್ಕೂ ಹಾಸುನೂಲು ಹರಡಿ ಗಂಜಿ ಹಚ್ಚುತ್ತಿದ್ದಾಗ ಮಗಳು ಒಳಗಿನಿಂದ ಬಂದು ನಿಂತಳು.

"ಅವ್ವಾ, ನೋವು."

"ಎಲ್ಲೇ?"

ಮಗಳಿಗೆ ಹೆಸರು ಗೊತ್ತಿರಲಿಲ್ಲ. ಕೈ ತೋರಿಸಿದಳು.

ಅಕ್ಕಪಕ್ಕದವರು ನೋಡುತ್ತಿದ್ದರು. ತಾಯಿ ಗಂಜಿಯ ಕೈಯಲ್ಲೇ ಆ ಕೈಗೆ ಪಟ್ಟನೆ ಹೊಡೆದಳು. "ಥೂ, ನಾಚಿಕೆಗೆಟ್ಟವಳೇ! ನಡುಬೀದಿಯಲ್ಲಿ ಅಲ್ಲಿ ಕೈ ಇಡುತ್ತಾರೇನೆ? ನಡಿ ಒಳಗೆ. ಮಾವನಿಗೆ ಕುಡಿಯಲು ನೀರು ಕೊಡು."

ಮಗಳು ಒಳಗೆ ಹೋದಳು. ಮತ್ತೆಂದೂ ಕೈ ತೋರಿಸಲಿಲ್ಲ.

ಮಳೆಗಾಲ ಕಳೆಯುವ ಹೊತ್ತಿಗೆ ಜ್ವರ ಹಿಡಿದು ಮಲಗಿದಳು. ಸೂಲಗಿತ್ತಿ ಬಂದು ನೋಡಿ ತಾಯಿಯನ್ನು ಮೂಲೆಗೆ ಕರೆದಳು. "ಯಾರೋ ಈ ಹುಡುಗಿಯನ್ನು ಬಹಳ ದಿನದಿಂದ ಹಾಳುಮಾಡಿದ್ದಾರೆ ತಾಯಿ. ರೋಗ ಒಳಕ್ಕಿಳಿದಿದೆ. ಮೊದಲೇ ಕರೆಯಬಾರದಿತ್ತೇ?"

ತಾಯಿ ಮಗಳ ಪಕ್ಕದಲ್ಲಿ ಕುಸಿದಳು. "ಯಾರವ್ವ ಅವನು? ಹೇಳು. ಬೈಯೋದಿಲ್ಲ ಕಣೆ."

ಮಗಳು ತಾಯಿಯ ಕೈಯನ್ನೇ ನೋಡುತ್ತ, ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

ಹಾಗೇ ತೀರಿಕೊಂಡಳು. ಮಣ್ಣಿಗೆ ಒಯ್ಯುವಾಗ ನೂಲಿನವನೂ ಹೆಗಲು ಕೊಟ್ಟ. ತಾಯಿ ಅವನ ಕೈ ಹಿಡಿದು, ನೀನೊಬ್ಬನಾದರೂ ನಮ್ಮವನಾದೆಯಪ್ಪ ಎಂದು ಅತ್ತಳು.

ಗುರು ಮಾತು ನಿಲ್ಲಿಸಿದ. ಶಿಷ್ಯ ಕೇಳಿದ: "ಅವನ ಮೇಲೆ ಯಾರಿಗೂ ಅನುಮಾನ ಬರಲಿಲ್ಲವೇ ಗುರುಗಳೇ?"

"ಇಲ್ಲ ಮಗು, ಆ ಹೆಣ್ಣಿಗೆ ಏನೂ ತಿಳಿಯದಿರುವುದೇ ಕ್ಷೇಮ ಎಂದು ಅವನೂ ಎಣಿಸಿದ್ದ."